ವಲ್ಸ ಚೇಚಿಯ ಮೊಣಕಾಲು

ವಲ್ಸ ಚೇಚಿಯ ಮೊಣಕಾಲಿಗೋಸ್ಕರ ನಾನು ದೇವರ ಹತ್ತಿರ ಬೇಡಿಕೊಂಡಷ್ಟು ನನ್ನ ಹೆತ್ತಮ್ಮನ ಕ್ಯಾನ್ಸರಿಗೂ ಬೇಡಿಕೊಂಡಿರಲಿಲ್ಲ. ಹೇಳೋಕೆ ನಾಚಿಕೆಯಾಗುತ್ತೆ. ಆದರೂ ಹೇಳ್ತೀನಿ, ಯಾಕಂದರೆ ನಾಚಿಕೆ ಪಡಬೇಕಾದವಳು ನಾನಲ್ಲ.

ಲಾಂಗ್ ಐಲ್ಯಾಂಡಿನ ನಮ್ಮ ಕಡೆ ಮಲಯಾಳಿ ಕ್ಯಾಥೊಲಿಕರ ಮನೆ ಅಂದರೆ ಹೆಚ್ಚೂಕಮ್ಮಿ ನರ್ಸಿನ ಮನೆ ಅಂತಲೇ ಅರ್ಥ. ಹೆಂಡತಿ ಆಸ್ಪತ್ರೆಯಲ್ಲಿ, ಗಂಡ ಸಬ್‌ವೇಯಲ್ಲೋ ಅಂಚೆ ಕಚೇರಿಯಲ್ಲೋ, ಮಕ್ಕಳು ಮುಂದೆ ಡಾಕ್ಟರು. ಆ ಮೂರನೆಯದನ್ನು ಮಕ್ಕಳನ್ನು ಕೇಳಿ ಯಾರೂ ತೀರ್ಮಾನ ಮಾಡಿದ್ದಲ್ಲ. ಜೀವನಪೂರ್ತಿ ಡಾಕ್ಟರುಗಳ ಹಿಂದೆ ಫೈಲು ಹಿಡಿದು ಓಡಾಡಿದವರು ನಾವು. ನಮ್ಮ ಮಕ್ಕಳಾದರೂ ಕೈ ಚಾಚಿ ಆ ಫೈಲು ಇಸ್ಕೊಳ್ಳೋ ಜಾಗದಲ್ಲಿ ನಿಲ್ಲಲಿ ಅನ್ನೋ ಆಸೆ, ಅಷ್ಟೇ.

ತಿಂಗಳಿಗೊಂದು ಶನಿವಾರ ನಾವೆಲ್ಲ ಯಾರಾದರೊಬ್ಬರ ಮನೆಯಲ್ಲಿ ಸೇರಿ ಜಪಸರ ಹೇಳ್ತೀವಿ, ಆಮೇಲೆ ಊಟ. ಜಪ ಶುರುವಾಗೋಕೆ ಮುಂಚೆ ಪ್ರತಿ ಮನೆಯ ಹೆಂಗಸೂ ತನ್ನ ಕೋರಿಕೆ ಹೇಳಬೇಕು, ಮಿಕ್ಕವರೆಲ್ಲ ಅದಕ್ಕೋಸ್ಕರ ಬೇಡಿಕೊಳ್ಳಬೇಕು. ಒಬ್ಬಳಿಗೆ ಗಂಡನ ಸಕ್ಕರೆ ಕಾಯಿಲೆ, ಇನ್ನೊಬ್ಬಳಿಗೆ ತಮ್ಮನ ವೀಸಾ. ಮನೆಯಲ್ಲಿ ಹನ್ನೆರಡನೇ ಕ್ಲಾಸಿನ ಮಗುವಿದ್ದರೆ ಮಾತ್ರ ಆ ವರ್ಷವೆಲ್ಲ ತಲೆ ತಗ್ಗಿಸಿ ಒಂದೇ ಮಾತು: 'ಒಂದು ವಿಶೇಷ ಕೋರಿಕೆ.' ಬೇರೆ ಯಾರೂ ಬಾಯಿ ಬಿಡಿಸೋಕೆ ಹೋಗಲ್ಲ. ಏಳು ವರ್ಷದ ಕೋರ್ಸಿಗೆ ಅರ್ಜಿ ಹಾಕಿದ್ದಾರೆ ಅಂತ ಎಲ್ಲರಿಗೂ ಗೊತ್ತಾಗುತ್ತೆ, ಯಾವ ಕಾಲೇಜಿಗೆ ಅಂತ ಮಾತ್ರ ಗೊತ್ತಾಗಲ್ಲ.

ಈ ಕೋರ್ಸು ಇದೆಯಲ್ಲ, ಹೈಸ್ಕೂಲು ಮುಗಿಯುತ್ತಿದ್ದ ಹಾಗೇ ಕಾಲೇಜಿಗೂ ಮೆಡಿಕಲ್ಲಿಗೂ ಒಟ್ಟಿಗೇ ಸೀಟು ಕೊಡುತ್ತೆ. ನಡುವೆ ಇನ್ನೊಂದು ಪ್ರವೇಶ ಪರೀಕ್ಷೆ ಇಲ್ಲ, ಇನ್ನೊಂದು ಸಲ ಅರ್ಜಿ ಇಲ್ಲ, ಉಗುರು ಕಚ್ಚಿಕೊಂಡು ಕೂರೋದಿಲ್ಲ. ಹದಿನೇಳರ ಹುಡುಗಿ ಒಳಗೆ ಹೋದರೆ ಹೊರಗೆ ಬರೋದು ಡಾಕ್ಟರಾಗಿಯೇ. ಬೆರಳೆಣಿಕೆಯ ಸೀಟಿಗೆ ಸಾವಿರಾರು ಮಕ್ಕಳು ಮುಗಿಬೀಳ್ತಾರೆ. ಇದರ ಮೇಲೆ ನಮ್ಮವರದ್ದೊಂದು ನಂಬಿಕೆ: ಒಂದೇ ಹೈಸ್ಕೂಲಿನಿಂದ ಇಬ್ಬರನ್ನು ತಗೊಳ್ಳಲ್ಲ. ಯಾವ ಕಾಲೇಜಿನವರೂ ಹಾಗಂತ ಹೇಳಿಲ್ಲ, ಎಲ್ಲೂ ಬರೆದಿಲ್ಲ. ಆದರೂ ನಮ್ಮ ಹೆಂಗಸರು ಇದನ್ನು ಧರ್ಮೋಪದೇಶದಷ್ಟೇ ಗಟ್ಟಿಯಾಗಿ ನಂಬ್ತಾರೆ.

ನನ್ನ ಮಗಳು ಟ್ರೀಸ, ವಲ್ಸ ಚೇಚಿಯ ಮಗಳು ಅಲೀನಾ, ಇಬ್ಬರೂ ಒಂದೇ ಸ್ಕೂಲು. ಅಂಗನವಾಡಿ ವಯಸ್ಸಿನಿಂದ ಒಂದೇ ಬೆಂಚು.

ವಲ್ಸ ಚೇಚಿ ನನಗಿಂತ ಏಳೆಂಟು ವರ್ಷ ದೊಡ್ಡವಳು, ಅದಕ್ಕೇ ಚೇಚಿ, ಅಂದರೆ ಅಕ್ಕ. ತ್ರಿಶ್ಶೂರಿನಿಂದ ನಾನು ಇಲ್ಲಿಗೆ ಬಂದಿಳಿದಾಗ ಏರ್‌ಪೋರ್ಟಿಗೆ ಬಂದವಳು ಅವಳು. ಹಿಮದಲ್ಲಿ ಕಾರು ಓಡಿಸೋಕೆ ಕಲಿಸಿದವಳು, ಟ್ರೀಸ ಹುಟ್ಟಿದಾಗ ಹೆರಿಗೆ ಕೋಣೆಯಲ್ಲಿ ನನ್ನ ಕೈ ಹಿಡಿದು ನಿಂತವಳು. ಡೇವಿಸ್, ಅಂದರೆ ನನ್ನ ಗಂಡ, ಆವತ್ತು ಹೊರಗೆ ಕುರ್ಚಿಯಲ್ಲಿ ತಲೆ ಸುತ್ತಿ ಕೂತಿದ್ದರು. ಒಡಹುಟ್ಟಿದ ಅಕ್ಕನೂ ನನಗೆ ಅಷ್ಟು ಮಾಡಿಲ್ಲ.

ಹೋದ ಸೆಪ್ಟೆಂಬರಿನ ಜಪದಲ್ಲಿ ನನ್ನ ಸರದಿ ಬಂತು. ದೇವರ ಮುಂದೆ ಮೊಣಕಾಲೂರಿ ಕೂತು ಒಗಟು ಹೇಳೋದು ನನಗೆ ಯಾಕೋ ಸರಿಬರಲಿಲ್ಲ. 'ನಮ್ಮ ಟ್ರೀಸ ಏಳು ವರ್ಷದ ಮೆಡಿಕಲ್ಲಿಗೆ ಅರ್ಜಿ ಹಾಕ್ತಿದ್ದಾಳೆ, ಅದಕ್ಕೋಸ್ಕರ' ಅಂತ ಹೇಳೇಬಿಟ್ಟೆ. ಸಾಲದು ಅಂತ ಕಾಲೇಜಿನ ಹೆಸರನ್ನೂ ಹೇಳಿದೆ. ಯಾರೋ ಕೆಮ್ಮಿದರು. ನಮ್ಮ ಗುಂಪಿನ ಜೋಳಿಯ ತಾಯಿ ಏಲ್ಯಮ್ಮಚ್ಚಿ, ಕಿವಿ ಮಂದವಾಗಿರೋದರಿಂದ ಗುಟ್ಟನ್ನೂ ಕೂಗಿ ಹೇಳುವ ಮುದುಕಿ, 'ಪಾಪ, ಇವಳಿಗೆ ಬಾಯಿ ಕಟ್ಟೋಕೆ ಬರಲ್ಲ' ಅಂದರು. ಮನೆಗೆ ಬರುತ್ತಾ ದಾರಿಯುದ್ದಕ್ಕೂ ಡೇವಿಸ್ ನನಗೆ ಮಂಗಳಾರತಿ ಎತ್ತಿದರು. ಯಾರ ಕಣ್ಣು ಹೇಗಿರುತ್ತೋ, ಇಂಥದ್ದನ್ನೆಲ್ಲ ಬೀದಿಗೆ ಹೇಳ್ತಾರಾ ಅಂತ. ನಮ್ಮವರ ಮುಂದೆ ಹೇಳಿದರೆ ಅದು ಬೀದಿಯಾ ಅಂತ ನಾನೂ ಬಿಡಲಿಲ್ಲ.

ಅದೇ ಸಂಜೆ ನನ್ನ ನಂತರ ವಲ್ಸ ಚೇಚಿಯ ಸರದಿ. ಅವಳು ಕುರ್ಚಿ ಹಿಡಿದುಕೊಂಡು ನಿಂತಳು. 'ನನ್ನ ಮೊಣಕಾಲಿಗೋಸ್ಕರ ಎಲ್ಲರೂ ಬೇಡಿಕೊಳ್ಳಿ. ಊರೋಕೇ ಆಗ್ತಿಲ್ಲ.'

ನಮ್ಮದೇ ಆಸ್ಪತ್ರೆಯಲ್ಲಿ ಅವಳದು ಮೂಳೆ ವಾರ್ಡು. ಮೊಣಕಾಲು ನೋವು ಹೇಗಿರುತ್ತೆ, ಎಲ್ಲಿ ಹಿಡ್ಕೊಂಡು ಏಳಬೇಕು, ಕೂರುವಾಗ ಎಲ್ಲಿ ಮುಖ ಕಿವುಚಬೇಕು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನೂ ನರ್ಸೇ. ಅವಳ ಮನೆಗೆ ಹೋಗಿ ಮಂಡಿ ಒತ್ತಿ ನೋಡಿದೆ. ಊತ ಇಲ್ಲ, ಬಿಸಿ ಇಲ್ಲ. ಒಳಗಿನದ್ದು ಇರಬೇಕು, ಪಾಪ, ಅಂದುಕೊಂಡೆ. ತಂಗಿಗೆ ಹೇಳಿ ಊರಿಂದ ಧನ್ವಂತರಂ ತೈಲ ತರಿಸಿದೆ, ಕೈಯಾರೆ ತಿಕ್ಕಿದೆ. ಅವಳು ಕಣ್ಣು ಮುಚ್ಚಿಕೊಂಡು, ನಿನ್ನ ಕೈಗುಣವೇ ಬೇರೆ ರೋಸಿಲಿ ಅಂತ ನರಳಿದಳು. ಆವತ್ತಿಂದ ಯಾರ ಮನೆಯಲ್ಲಿ ಜಪವಾದರೂ ಅವಳಿಗೊಂದು ಮೆತ್ತೆ ಹಾಕಿದ ಕುರ್ಚಿ. ನಾವೆಲ್ಲ ನೆಲದಲ್ಲಿ ಮಂಡಿಯೂರಿದರೆ ಅವಳು ಮಾತ್ರ ಮೇಲೆ, ಬಿಷಪ್ಪಿನ ಹಾಗೆ.

ಶನಿವಾರ ಬೆಳಗ್ಗೆ ಅವಳಿಗೆ ಫಿಸಿಯೋಥೆರಪಿ. ಹೀಗಾಗಿ ಅವಳ ಶನಿವಾರದ ಡ್ಯೂಟಿಗಳನ್ನು ನಾನು ಮಾಡಿದೆ, ಅವಳ ವಾರ್ಡಿಗೆ ಹೋಗಿ, ಪ್ಲಾಸ್ಟರು ಹಾಕಿದ ಘಟಾನುಘಟಿಗಳನ್ನು ಎತ್ತಿ ಮಗ್ಗುಲು ಹೊರಳಿಸಿ. ಸೊಂಟ ಬಿದ್ದುಹೋಗ್ತಿತ್ತು. ಹೋಗಲಿ, ಅವಳು ನನಗೆ ಮಾಡಿದ್ದಕ್ಕೆ ಇದೆಲ್ಲ ಎಷ್ಟರದ್ದು ಅಂದುಕೊಂಡೆ.

ಇನ್ನು ಅಲೀನಾ. ಆ ಹುಡುಗಿಗೆ ಮೆಡಿಕಲ್ಲು ಬೇಡವಂತೆ, ಬಟ್ಟೆ ಡಿಸೈನು ಮಾಡ್ತಾಳಂತೆ. ಮೊಣಕಾಲಿಗೂ ಮುಂಚೆ, ಹೋದ ಬೇಸಿಗೆಯ ಶುರುವಿನಲ್ಲೇ ವಲ್ಸ ಚೇಚಿ ಇದನ್ನು ಹೇಳಿದಾಗ ಅವಳ ಕಣ್ಣಲ್ಲಿ ನೀರಿತ್ತು, ದೇವರಾಣೆ. ನಾನೇ ಸಮಾಧಾನ ಮಾಡಿದೆ. ಅಲೀನಾಗೆ ಬೇಜಾರಾಗದಿರಲಿ ಅಂತ ಟ್ರೀಸಳ ಜೊತೆ ಎಲ್ಲದಕ್ಕೂ ಸೇರಿಸಿಕೊಂಡೆ. ನಮ್ಮ ಹೃದಯದ ವಾರ್ಡಿನ ಡಾಕ್ಟರ್ ಕ್ಯಾಪ್ಲನ್ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವವರಲ್ಲ. ಅವರ ಕೈಕಾಲು ಹಿಡಿದು, ಆ ಬೇಸಿಗೆಯಲ್ಲಿ ಟ್ರೀಸ ಅವರ ಹಿಂದೆ ಓಡಾಡಿ ಕೆಲಸ ನೋಡೋಕೆ ಒಪ್ಪಿಗೆ ಪಡೆದಿದ್ದೆ. ಇಂಥ ಅನುಭವ ಇಲ್ಲದಿದ್ದರೆ ಅರ್ಜಿಗೆ ಬೆಲೆಯೇ ಇಲ್ಲ. ಒಬ್ಬಳೇ ಆದರೆ ಟ್ರೀಸಗೆ ಸಂಕೋಚ ಅಂತ ಅಲೀನಾಳನ್ನೂ ನಾನೇ ತುರುಕಿದೆ. ಚಳಿಗಾಲದಲ್ಲಿ ಡೇವಿಸ್ ಟೈ ಕಟ್ಟಿಕೊಂಡು ಊಟದ ಮೇಜಿನಲ್ಲಿ ಪರೀಕ್ಷಕರಾಗಿ ಕೂತು ಟ್ರೀಸಗೆ ಸಂದರ್ಶನದ ಅಭ್ಯಾಸ ಮಾಡಿಸ್ತಿದ್ದರು. ಯಾಕೆ ಡಾಕ್ಟರಾಗಬೇಕು, ಸಾಯುವ ರೋಗಿ ನಿಜ ಕೇಳಿದರೆ ಏನು ಹೇಳ್ತೀಯ. ಅಲೀನಾ ಸೋಫಾದಲ್ಲಿ ಕಾಲು ಮಡಚಿ ಕೂತು ನನ್ನ ಬಾಳೆಕಾಯಿ ಚಿಪ್ಸು ತಿನ್ನುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಒಂದೊಂದು ಸಲ ಟ್ರೀಸ ತಡವರಿಸಿದರೆ ಅಲ್ಲಿಂದಲೇ ಉತ್ತರ ಬರುತ್ತಿತ್ತು, ಅದೂ ಎಷ್ಟು ಚೆನ್ನಾಗಿ. ಬಟ್ಟೆ ಹೊಲಿಯೋಳಿಗೆ ಎಂಥಾ ತಲೆ ನೋಡಿ ಅಂತ ನಾನು ಡೇವಿಸ್‌ಗೆ ಹೇಳಿದೆ. ಅವರು ಟೈ ಬಿಚ್ಚಿದರು.

ಫೆಬ್ರವರಿಯಲ್ಲಿ ಟ್ರೀಸಗೆ ಸಂದರ್ಶನದ ಕರೆ ಬಂತು. ಕುಣಿದಾಡಿಬಿಟ್ಟೆ. ಮೊದಲು ಫೋನ್ ಮಾಡಿದ್ದು ವಲ್ಸ ಚೇಚಿಗೇ. ಅವಳು ಅತ್ತಳು, ನಾನೂ ಅತ್ತೆ. ನೀನೂ ಬಾ ಚೇಚಿ, ನೀನಿದ್ದರೆ ನನಗೆ ಧೈರ್ಯ ಅಂದೆ. ಅಷ್ಟು ದೂರ ಕಾರಿನಲ್ಲಿ ಈ ಕಾಲು ಮಡಚಿಕೊಂಡು ಹೇಗೆ ಕೂರಲಿ ಅಂದಳು.

ಕಾಲೇಜು ಉತ್ತರದಲ್ಲಿ, ಅರ್ಧ ದಿನದ ದಾರಿ, ಗುಡ್ಡದ ಮೇಲೆ. ಮಕ್ಕಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ತಂದೆತಾಯಂದಿರಿಗೆ ಕ್ಯಾಂಪಸ್ ತೋರಿಸುತ್ತೇವೆ ಬನ್ನಿ ಅಂದರು. ಎಲ್ಲಿ ನೋಡಿದರೂ ಮೆಟ್ಟಿಲು, ಮೆಟ್ಟಿಲ ಮೇಲೆ ಪುಡಿ ಹಿಮ. ನಾನು ಏದುಸಿರು ಬಿಡುತ್ತಾ ಹತ್ತುತ್ತಿದ್ದೆ. ಮುಂದೆ ಒಬ್ಬ ಹೆಂಗಸು ಸೀರೆಯ ನೆರಿಗೆ ಎತ್ತಿ ಹಿಡಿದು, ಎತ್ತರದ ಬೂಟು ಹಾಕಿಕೊಂಡು ಟಕಟಕ ಅಂತ ಹತ್ತುತ್ತಾ ಗೈಡ್ ಹುಡುಗನನ್ನೇ ಹಿಂದೆ ಹಾಕಿದ್ದಳು. ನಮ್ಮ ದೇಶದವಳು, ಏನು ಗಟ್ಟಿಗಿತ್ತಿ ಅಂದುಕೊಂಡೆ. ಮೇಲೆ ಹೋಗಿ ನಿಂತು ಅವಳು ತಿರುಗಿ ನೋಡಿದಳು.

ವಲ್ಸ ಚೇಚಿ.

ಅವಳ ಕೈಯಲ್ಲಿದ್ದ ನೆರಿಗೆ ಜಾರಿತು. ನಾನು ಅವಳಿದ್ದಲ್ಲಿವರೆಗೂ ಹತ್ತಿ ಎದುರಿಗೆ ನಿಂತೆ, ಬೇರೆ ಅಪ್ಪ ಅಮ್ಮಂದಿರು ನಮ್ಮನ್ನು ಬಳಸಿಕೊಂಡು ಮುಂದೆ ಹೋದರು. ಏನೇನೋ ಕೇಳಬೇಕಿತ್ತು ನಾನು. ಬಾಯಿಗೆ ಬಂದಿದ್ದು ಒಂದೇ.

"ಮೊಣಕಾಲು ಹೇಗಿದೆ ಚೇಚಿ?"

"ಇವತ್ತು ಸ್ವಲ್ಪ ವಾಸಿ," ಅಂದಳು.

ಅಷ್ಟು ಅಂದವಳು ಮುಖ ಆ ಕಡೆ ತಿರುಗಿಸಿದಳು. ನಾನು ಬಿಡಲಿಲ್ಲ. ಬಟ್ಟೆ ಡಿಸೈನು ಎಲ್ಲಿ ಹೋಯ್ತು, ಫಿಸಿಯೋಥೆರಪಿ ಎಲ್ಲಿ ಮಾಡಿಸ್ತಿದ್ದೆ ಅಂತ ಕೇಳಿದೆ. ಶನಿವಾರ ಶನಿವಾರ ಅಲೀನಾಳನ್ನು ನ್ಯೂಜೆರ್ಸಿಗೆ ಕೋಚಿಂಗ್ ಕ್ಲಾಸಿಗೆ ಕರೆದುಕೊಂಡು ಹೋಗ್ತಿದ್ದಳಂತೆ. ಅಲ್ಲಿ ಸಂದರ್ಶನಕ್ಕೆ ತಯಾರು ಮಾಡ್ತಾರಂತೆ. ಅಂದರೆ ನಾನು ಅವಳ ರೋಗಿಗಳ ಬೆನ್ನು ಒರೆಸ್ತಿದ್ದಾಗ ಅವಳ ಮಗಳು ನನ್ನ ಮಗಳನ್ನು ಹಿಂದೆ ಹಾಕೋದು ಕಲೀತಿದ್ದಳು. ಮೈಯೆಲ್ಲ ಉರಿದುಹೋಯ್ತು ನನಗೆ.

"ನನ್ನ ಹತ್ತಿರ ಹೇಳಬಹುದಿತ್ತಲ್ಲ ಚೇಚಿ. ನಾನು ಬೇಡ ಅಂತಿದ್ದೆನಾ?"

"ಬೇಡ ಅಂತಿರಲಿಲ್ಲ. ಆದರೆ ಹೇಳಿದ್ದರೆ ಕ್ಯಾಪ್ಲನ್ ಹತ್ತಿರ ಅಲೀನಾನ ಸೇರಿಸ್ತಿದ್ದೆಯಾ? ನಿಜ ಹೇಳು. ಒಂದು ಸ್ಕೂಲಿಂದ ಒಬ್ಬಳನ್ನೇ ತಗೊಳ್ಳೋದು."

ಸೇರಿಸ್ತಿದ್ದೆನೋ ಇಲ್ಲವೋ, ಅದು ಈಗ ಗೊತ್ತಾಗೋ ಹಾಗೂ ಇಲ್ಲ. ಅವಳು ನನ್ನ ತೋಳು ಮುಟ್ಟೋಕೆ ಬಂದಳು. ನಾನು ಸರಿದುಕೊಂಡೆ.

"ನಿನ್ನಿಂದ ನಾನೇನೂ ಕದ್ದಿಲ್ಲ ರೋಸಿಲಿ. ನೀನು ಹೇಳಿದೆ, ನಾನು ಹೇಳಲಿಲ್ಲ. ಅಷ್ಟೇ ವ್ಯತ್ಯಾಸ."

ವಾಪಸು ಬರುವಾಗ ಕಾರಿನಲ್ಲಿ ನನ್ನ ಬಾಯಿ ನಿಲ್ಲಲೇ ಇಲ್ಲ. ಕಿವಿಯ ಮೇಲೆ ಹೂವಿಟ್ಟಳು, ಹಣೆಗೆ ಮೂರು ನಾಮ ಎಳೆದಳು, ತೈಲ ತಿಕ್ಕಿಸಿಕೊಂಡಳು, ಅಳು ಬೇರೆ ಅತ್ತಳು. ಟ್ರೀಸ ಕಿಟಕಿಗೆ ತಲೆಯಾನಿಸಿ, ಬಿಡಮ್ಮ ಅಂದಳು. ಡೇವಿಸ್ ಊಟಕ್ಕೆ ಎಲ್ಲಿ ನಿಲ್ಲಿಸೋಣ ಅಂತ ಕೇಳಿದರು. ಇವರಿಬ್ಬರಿಗೂ ಪಾಪ ಏನು ಹೇಳೋದು ಅಂತ ತೋಚುತ್ತಿಲ್ಲ ಅಂದುಕೊಂಡೆ.

ಮಾರ್ಚಿನಲ್ಲಿ ಫಲಿತಾಂಶ. ಟ್ರೀಸಗೆ ಸಿಗಲಿಲ್ಲ. ಕೋಣೆಯಿಂದ ಹೊರಗೆ ಬಂದು, ಇಲ್ಲ ಅಂತ ತಲೆಯಾಡಿಸಿ, ಫ್ರಿಜ್ಜಿನಿಂದ ನೀರು ತಗೊಂಡು ವಾಪಸು ಹೋದಳು. ಬಾಗಿಲ ಹೊರಗೆ ನಾನು ಎಷ್ಟೋ ಹೊತ್ತು ನಿಂತಿದ್ದೆ. ಒಳಗಿನಿಂದ ಅಳು ಕೇಳಿಸಿದ್ದರೆ ವಾಸಿಯಿತ್ತು, ಅದೂ ಇಲ್ಲ. ಸಂಜೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಲ್ಸ ಚೇಚಿ ಕೈಮುಗಿದ ಚಿತ್ರ ಹಾಕಿ 'ಕರ್ತನಿಗೆ ಸ್ತೋತ್ರ' ಅಂತ ಬರೆದಿದ್ದಳು. ಯಾಕೆ ಸ್ತೋತ್ರ ಅಂತ ಬರೆದಿರಲಿಲ್ಲ. ಎಲ್ಲರೂ ಸಾಲಾಗಿ ಆಮೆನ್ ಹಾಕಿದರು. ಇವರಿಗೇನು ಗೊತ್ತು ಪಾಪ, ಮಂಡಿ ವಾಸಿಯಾಯ್ತು ಅಂತ ಖುಷಿಪಡ್ತಿದ್ದಾರೆ, ನನ್ನ ಹಾಗೇ ಇವರಿಗೂ ಟೋಪಿ ಹಾಕಿದ್ದಾಳೆ ಅಂದುಕೊಂಡೆ.

ಆ ತಿಂಗಳ ಜಪ ನಮ್ಮ ಮನೆಯಲ್ಲಿ. ಈ ಸಲ ಬೇರೆಯವರಿಗೆ ಹೇಳಿಬಿಡೋಣ ಅಂತ ಡೇವಿಸ್ ಅಂದರು, ಒಂದಲ್ಲ, ಹತ್ತು ಸಲ. ನಾನು ಒಪ್ಪಲಿಲ್ಲ. ಎಲ್ಲರ ಮುಂದೆ ಅವಳ ಬಣ್ಣ ಬಯಲು ಮಾಡಲೇಬೇಕು ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಕೂಗಾಡೋದಿಲ್ಲ, ಜಗಳ ಇಲ್ಲ, ದೇವರ ಮುಂದೆ ಒಂದೇ ಮಾತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಮಾಂಸ ಇಲ್ಲ. ಮರಗೆಣಸು ಬೇಯಿಸಿದೆ, ಕೊಡಂಪುಳಿ ಅನ್ನೋ ನಮ್ಮೂರ ಹುಳಿ ಹಾಕಿ ಮೀನು ಸಾರು ಮಾಡಿದೆ. ಜಪದ ಕೋಣೆಯಲ್ಲಿ ಎಲ್ಲರಿಗೂ ನೆಲದ ಮೇಲೆ ಕಂಬಳಿ ಹಾಸಿ, ಯೇಸುವಿನ ತಿರುಹೃದಯದ ಪಟದ ನೇರ ಎದುರಿಗೆ ಒಂದೇ ಒಂದು ಕುರ್ಚಿ ಇಟ್ಟೆ. ಮೇಲೆ ನಮ್ಮ ಮನೆಯಲ್ಲಿದ್ದ ಅತ್ಯಂತ ದಪ್ಪ ಮೆತ್ತೆ.

ವಲ್ಸ ಚೇಚಿ ಬರಲ್ಲ ಅಂದುಕೊಂಡಿದ್ದೆ, ಬಂದಳು. ಡಬ್ಬಿಯಲ್ಲಿ ಅವಲೋಸ್ ಉಂಡೆ ಬೇರೆ. ಕುರ್ಚಿ ನೋಡಿ ನಿಂತಳು. ಎಲ್ಲರೂ ಕೂತಾಗಿತ್ತು, ಏಲ್ಯಮ್ಮಚ್ಚಿ ಕೂಡ ಆ ವಯಸ್ಸಿನಲ್ಲಿ ಕಂಬಳಿಯ ಮೇಲೆ. ಕೂತ್ಕೋ ಚೇಚಿ, ನಿನಗೇ ಇಟ್ಟಿದ್ದು ಅಂದೆ. ಅವಳು ಕೂತಳು, ತುದಿಯಲ್ಲಿ.

ಕೋರಿಕೆಗಳು ಶುರುವಾದವು. ಸಕ್ಕರೆ ಕಾಯಿಲೆ, ವೀಸಾ, ಜೋಳಿಯ ಮನೆ ಮಾರಾಟ. ವಲ್ಸ ಚೇಚಿ ತಗ್ಗಿದ ದನಿಯಲ್ಲಿ, ಒಂದು ವಿಶೇಷ ಉಪಕಾರಕ್ಕೆ ಕೃತಜ್ಞತೆ ಅಂದಳು. ಈಗಲೂ 'ವಿಶೇಷ'. ನನಗೆ ನಗು ಬಂತು. ಮನೆಯವರು ಕೊನೆಗೆ ಹೇಳೋದು ಪದ್ಧತಿ, ಎಲ್ಲರೂ ನನ್ನ ಕಡೆ ನೋಡಿದರು. ಟ್ರೀಸಳ ವಿಷಯ ಎಲ್ಲರಿಗೂ ಗೊತ್ತು, ಆದ್ದರಿಂದ ಮುಖಗಳಲ್ಲಿ ಒಂದು ಮರುಕ ಇತ್ತು. ಅದನ್ನು ನೋಡಿ ನನಗೆ ಇನ್ನೂ ಧೈರ್ಯ ಬಂತು.

"ವಲ್ಸ ಚೇಚಿಯ ಮೊಣಕಾಲಿಗೋಸ್ಕರ," ಅಂದೆ. "ಎಲ್ಲರೂ ಮನಸಾರೆ ಬೇಡಿಕೊಳ್ಳಿ."

ಹೇಳಿ ಕಾದೆ. ಈಗ ಯಾರಾದರೊಬ್ಬರು ಅವಳ ಕಡೆ ನೋಡ್ತಾರೆ, ಅವಳ ಮುಖ ಕಪ್ಪಿಡುತ್ತೆ, ಏನಾಯ್ತು ಅಂತ ಕೇಳ್ತಾರೆ, ಆಗ ಎಲ್ಲ ಹೊರಗೆ ಬರುತ್ತೆ. ನಾನು ಕಾದಿದ್ದು ಅದಕ್ಕೆ.

ಏಲ್ಯಮ್ಮಚ್ಚಿ ಕಿವಿಯ ಹಿಂದೆ ಕೈಯಿಟ್ಟು ನನ್ನ ಕಡೆ ವಾಲಿದರು.

"ಅದಕ್ಕಿನ್ನೇನು ಬೇಡಿಕೊಳ್ಳೋದು ಮಗಳೇ? ಅದು ಆಗಿಹೋಯ್ತಲ್ಲ. ಹುಡುಗಿಗೆ ಸೀಟು ಸಿಕ್ಕಿತಲ್ಲ."

"ಅಮ್ಮಚ್ಚೀ, ಸುಮ್ಮನಿರಿ," ಅಂದಳು ಜೋಳಿ.

ಸುಮ್ಮನಿರಿ ಅಂದಳು. ಯಾವ ಸೀಟು, ಯಾವ ಹುಡುಗಿ ಅಂತ ಕೇಳಲಿಲ್ಲ. ಯಾರೂ ಕೇಳಲಿಲ್ಲ. ನಾನು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದೆ. ಸಕ್ಕರೆ ಕಾಯಿಲೆಯವಳು ಜಪಸರದ ಮಣಿ ಎಣಿಸುತ್ತಿದ್ದಳು, ವೀಸಾದವಳು ಕಂಬಳಿಯ ದಾರ ಕೀಳುತ್ತಿದ್ದಳು. ಒಬ್ಬರ ಮುಖದಲ್ಲೂ ಆಶ್ಚರ್ಯ ಅನ್ನೋದೇ ಇಲ್ಲ. ಸೆಪ್ಟೆಂಬರಿನಿಂದ ತಿಂಗಳು ತಿಂಗಳು ಇವರೆಲ್ಲ ಮೊಣಕಾಲು ಅಂತ ಬಾಯಲ್ಲಿ ಹೇಳುತ್ತಾ ಅಲೀನಾಳ ಸೀಟಿಗೆ ಬೇಡಿಕೊಂಡಿದ್ದರು. ನನ್ನ ಪಕ್ಕದಲ್ಲೇ ಮಂಡಿಯೂರಿ, ನನ್ನ ಭುಜಕ್ಕೆ ಭುಜ ತಾಗಿಸಿಕೊಂಡು.

ಡೇವಿಸ್ ಕಡೆ ತಿರುಗಿದೆ. ಅವರು ಕಂಬಳಿ ನೋಡುತ್ತಿದ್ದರು.

"ನಿಮಗೂ ಗೊತ್ತಿತ್ತಾ?"

"ಹೇಳಿದ್ದರೆ ನೀನು ಸುಮ್ಮನಿರ್ತಿದ್ದೆಯಾ ರೋಸಿ," ಅಂದರು, ತಲೆ ಎತ್ತದೆ.

ಟ್ರೀಸ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಪಕ್ಕದಲ್ಲಿ ಅಲೀನಾ. ಇಬ್ಬರ ಕೈಯಲ್ಲೂ ನೀರಿನ ಲೋಟಗಳ ತಟ್ಟೆ. ರೋಗಿಯ ರಿಪೋರ್ಟು ಮೊದಲೇ ಓದಿದವರು ರೋಗಿಯನ್ನು ನೋಡುವ ಹಾಗೆ ನನ್ನ ಮಗಳು ನನ್ನನ್ನು ನೋಡುತ್ತಿದ್ದಳು. ಕೇಳುವ ಅಗತ್ಯವೇ ಬೀಳಲಿಲ್ಲ. ಊಟದ ಮೇಜಿನಲ್ಲಿ, ಸೋಫಾದಲ್ಲಿ, ಕ್ಯಾಪ್ಲನ್ ಹಿಂದೆ, ಕಾರಿನ ಕಿಟಕಿಗೆ ತಲೆಯಾನಿಸಿದಾಗ, ಎಲ್ಲ ಸಲವೂ ಅವಳಿಗೆ ಗೊತ್ತಿತ್ತು. ಆ ಮೊಣಕಾಲಿಗೋಸ್ಕರವೇ ನಿಜವಾಗಿ ಬೇಡಿಕೊಂಡ ಪೆದ್ದಿ ಈ ಮನೆಯಲ್ಲಿ, ಎಲ್ಲ ಮನೆಗಳಲ್ಲಿ, ನಾನೊಬ್ಬಳೇ.

ಯಾರಾದರೂ ಜಪ ಶುರು ಮಾಡಲೇಬೇಕಿತ್ತು. ವಲ್ಸ ಚೇಚಿ ಕುರ್ಚಿಯಿಂದ ಇಳಿದಳು. ಏನನ್ನೂ ಹಿಡಿದುಕೊಳ್ಳದೆ, ಮುಖ ಕಿವುಚದೆ, ಎರಡೂ ಮಂಡಿ ಊರಿ ಶಿಲುಬೆಯ ಗುರುತು ಹಾಕಿ ಮೊದಲ ಸಾಲು ಹೇಳಿದಳು. ಎಲ್ಲರೂ ಬೇಗ ಬೇಗ ದನಿಗೂಡಿಸಿದರು, ಡೇವಿಸ್ ಕೂಡ. ಹುಡುಗಿಯರು ತಟ್ಟೆ ಕೆಳಗಿಟ್ಟು ಬಾಗಿಲಲ್ಲೇ ಮಂಡಿಯೂರಿದರು.

ನಾನು ಎದ್ದು ಹೋಗಿ, ಖಾಲಿಯಾದ ಆ ಕುರ್ಚಿಯಲ್ಲಿ ಕೂತೆ. ಜಪಸರದ ಐದೂ ಸುತ್ತು ಮುಗಿಯೋವರೆಗೂ ಅಲ್ಲೇ ಕೂತಿದ್ದೆ, ತುಟಿ ಅಲ್ಲಾಡಿಸದೆ. ನಿನ್ನ ಕಾಲಿಗೇನಾಯ್ತು ರೋಸಿಲಿ ಅಂತ ಯಾರೂ ಕೇಳಲಿಲ್ಲ.